ಕೌದಿಯ ತುತ್ತು

ಮೊಮ್ಮಗಳು ಹುಟ್ಟಿದ್ದಾಳೆ, ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಲಗ್ಗೆರೆಯ ಮನೆಯಲ್ಲಿ ಹಳೆ ಸೀರೆಗಳಿಂದ ಅವಳಿಗೆ ಕೌದಿ ಹೊಲಿಯುತ್ತಿರುವಾಗ ಹೋಳಿಗೆಯ ವಾಸನೆ ಬಂದು ನಾನು ಚಿಕ್ಕವಳಿದ್ದಾಗಿನ ಊರಿನ ಒಂದು ಮಧ್ಯಾಹ್ನ ನೆನಪಾಯಿತು.

ಕೊನೆಯ ಮೂಲೆ ಹೊಲಿಯುವ ಮುನ್ನ ಅವ್ವ ಕೌದಿಯೊಳಗೆ ಹೋಳಿಗೆ ಚೂರು ಇಡುತ್ತಿದ್ದಳು. "ಕೌದಿ ಹಸಿದಿದ್ರ ಹೊದ್ದವರಿಗೆ ನಿದ್ದಿ ಹತ್ತಂಗಿಲ್ಲವ್ವ" ಅನ್ನುತ್ತಿದ್ದಳು. ಅವತ್ತು ಮನೆಯಲ್ಲಿದ್ದದ್ದು ಅದೊಂದೇ ಚೂರು. ಬೆಳಗಿನಿಂದ ಉಣ್ಣದ ನಾನು ಅದನ್ನೇ ನೋಡುತ್ತ ಕೂತಿದ್ದೆ.

"ಕಣ್ಣಾಗ ತಿಂತೀಯೇನ? ತಗೋ, ಬಾಯಾಗ ಹಾಕ್ಕೋ" ಎಂದು ನನಗೇ ಕೊಟ್ಟು, ಮೂಲೆಯನ್ನು ಬರಿದೇ ಹೊಲಿದಳು. ಮಲಗುವಾಗ ನನಗೆ ಹಳೆಯ ಕೌದಿ ಹೊದಿಸಿ, ಆ ಹಸಿದದ್ದನ್ನು ತಾನು ಹೊದ್ದಳು. ಅವಳು ಹೊರಳಾಡುವುದನ್ನು ಕೇಳುತ್ತ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ.

"ಅತ್ತಿ, ಇರುವಿ ಬರ್ತಾವ ನೋಡ್ರಿ!" ಎಂದು, ನಾನು ಹೋಳಿಗೆ ಮುರಿಯುವುದನ್ನು ಕಂಡು ಸೊಸೆ ನಕ್ಕಳು. ಮೊಮ್ಮಗಳ ಕೌದಿಯ ಮೂಲೆಯಲ್ಲಿ ನಾನು ಎರಡು ಚೂರು ಇಟ್ಟು ಹೊಲಿದೆ.