ಗೋಡೆಯಾಚೆಯ ಬಾವೋ

ಏಕಾಂತಮ್ಮ ಸ್ಟೀಲ್ ಲೋಟವನ್ನು ಗೋಡೆಗೆ ಒತ್ತಿ, ಅದರ ತಳಕ್ಕೆ ಕಿವಿ ಇಟ್ಟಳು. ಲೋಟದ ಅಗತ್ಯವೇ ಬೀಳಲಿಲ್ಲ. ಮಾತು ಅಷ್ಟು ಸ್ಪಷ್ಟ.

“ಬಾವೋ! ಎಷ್ಟ್ ಗಟ್ಟಿ ಇದೀಯೋ. ಹತ್ ನಿಮಿಷ ತಡಿ, ಮೆತ್ತಗೆ ಮಾಡ್ತೀನಿ.”

ಲೋಟ ಕೈಯಿಂದ ಜಾರಿತು.

ಹೊಸದುರ್ಗದ ಆ ಕಟ್ಟಡದ ಕೆಳಗೆ ಎರಡು ಬಾಡಿಗೆ ಮನೆ, ನಡುವೆ ಒಂದೇ ಗೋಡೆ. ಈಚೆ ಏಕಾಂತಮ್ಮ, ಹೆಸರಲ್ಲಷ್ಟೇ ಏಕಾಂತ, ಬೇರೆಯವರ ಏಕಾಂತ ಕಂಡರೆ ಆಗದು. ಆಚೆ ಹೇಮಾವತಿ, ರಾಮಗಿರಿಯವಳು. ಅಂಚೆ ಕಚೇರಿಯಲ್ಲಿ ಕೆಲಸ. ನಲವತ್ತಾರು ವರ್ಷ, ಮದುವೆಯಿಲ್ಲ, ಒಡಹುಟ್ಟಿದವರಿಲ್ಲ. ಅಕ್ಕನೇ ಇಲ್ಲದವಳಿಗೆ ಭಾವ ಎಲ್ಲಿಂದ ಹುಟ್ಟಿದ?

ಎರಡು ವರ್ಷದಲ್ಲಿ ಅವಳ ಹೊಸ್ತಿಲು ದಾಟಿದ್ದು ಸಿಲಿಂಡರಿನವನು ಮಾತ್ರ. ಊರಿಗೆಲ್ಲ ಕಾಗದ ಹಂಚುವ ಕಚೇರಿಯವಳಿಗೆ ಒಂದು ಕಾಗದವೂ ಬರುತ್ತಿರಲಿಲ್ಲ. ಬಂದ ಹೊಸತರಲ್ಲಿ ಕಾಫಿಗೆ ಕರೆದಿದ್ದಳು. ಏಕಾಂತಮ್ಮ “ಇನ್ನೊಂದಿನ ಬರ್ತೀನಿ” ಅಂದಿದ್ದಳು. ಆ ಇನ್ನೊಂದಿನ ಕ್ಯಾಲೆಂಡರಿನಲ್ಲಿರಲಿಲ್ಲ.

ಮಹಡಿಯ ಮೇಲಿನ ಮಾಲೀಕ ಮುರುಗೇಶಪ್ಪನ ಷರತ್ತು ಎರಡೇ: ಮಾಂಸ ಬೇಯಬಾರದು, ಒಂಟಿ ಹೆಂಗಸಿನ ಮನೆಗೆ ಗಂಡಸು ಬರಬಾರದು. ತಪ್ಪಿದರೆ ಅಂದೇ ಮನೆ ಖಾಲಿ.

ಏಕಾಂತಮ್ಮ ಮೆಟ್ಟಿಲು ಹತ್ತಿದಳು.

“ಮುರುಗೇಶಪ್ಪಾರೇ, ಹೇಮಾವತಿ ಮನೆಗೆ ಬಾವ ಬಂದವ್ನೆ!”

“ಯಾವ ಬಾವ?”

“ಅದೇ ಗೊತ್ತಾಗ್ಬೇಕು. ಇದು ಮೂರನೇ ಭಾನುವಾರ. ಒಳಗೋಗಾದು ಕಾಣಲ್ಲ, ಹೊರಗ್ ಬರಾದೂ ಕಾಣಲ್ಲ.”

“ಅವನ ದನಿ ಕೇಳೈತಾ?”

“ಇವ್ಳು ಮಾತಾಡಾಕೆ ಬಿಟ್ರೆ ತಾನೆ!”

ಮುರುಗೇಶಪ್ಪ, ಹೆಂಡತಿ ಯಮುನಾ, ಹಿಂದೆ ಏಕಾಂತಮ್ಮ. ದಂಡು ಇಳಿಯಿತು. ಬಾಗಿಲು ತಟ್ಟುವ ಮೊದಲೇ ತೆರೆದುಕೊಂಡಿತು. ಚಿಲಕ ಹಾಕಿರಲಿಲ್ಲ.

ಒಳಗೆ ಯಾರೂ ಇಲ್ಲ. ಗೋಡೆ ಪಕ್ಕ ಚಾಪೆ, ಚಾಪೆಯ ಮುಂದೆ ನಾಲ್ಕು ತಟ್ಟೆ.

“ನೋಡ್ರಿ! ಬಾವ ಒಬ್ನೇ ಅಲ್ಲ, ಮೂರ್ ಜನ!” ಏಕಾಂತಮ್ಮ ತಟ್ಟೆ ಎಣಿಸಿದಳು.

ಮನೆಯ ಆ ತುದಿಯ ಅಡುಗೆಕೋಣೆಯಿಂದ ಹೇಮಾವತಿ ಇಡ್ಲಿ ಪಾತ್ರೆ ಹಿಡಿದು ಬಂದಳು. ಮುಚ್ಚಳ ತೆಗೆದರೆ ಹಬೆಯ ನಡುವೆ ಎಂಟು ಬಿಳಿ ಉಂಡೆ, ನೆತ್ತಿಯಲ್ಲಿ ಜಡೆಯಂತೆ ಮಡಿಕೆ.

“ಇವೇ ಬಾವೋ. ಚೀನಾದವರ ಕಡುಬು. ಚಿತ್ರದುರ್ಗದಿಂದ ತಂದೆ. ಫ್ರಿಜ್ಜಿನಾಗೆ ಕಲ್ಲಿನಂಗೆ ಇರ್ತಾವೆ, ಹಬೇಲಿಟ್ರೆ ಮೆತ್ತಗಾಗ್ತಾವೆ.”

ಮುರುಗೇಶಪ್ಪ ಚಾಪೆ ಪಕ್ಕ ಬಿದ್ದಿದ್ದ ಖಾಲಿ ಪೊಟ್ಟಣ ತಿರುಗಿಸಿ ನೋಡಿದ. “ಒಳಗೆ ಮಾಂಸ ಏನಾರ...?”

“ಅಣಬೆ, ಎಲೆಕೋಸು. ಹಸಿರು ಚುಕ್ಕಿ ಐತೆ ನೋಡ್ರಿ. ಕುಂತ್ಕಳ್ರಿ.”

ಕುಂತರು. ಮುರಿದರೆ ಶುಂಠಿ, ಮೆಣಸಿನ ಘಮ. ಮೊದಲನೆಯದನ್ನು ಮುರುಗೇಶಪ್ಪ ತನಿಖೆಗಾಗಿ ತಿಂದ, ಎರಡನೆಯದನ್ನು ತೀರ್ಪಿಗಾಗಿ. ಯಮುನಾ ಶೇಂಗಾ ಚಟ್ನಿ ಕೇಳಿದಳು, ಅದೂ ತಯಾರಿತ್ತು.

“ಅಲ್ಲವ್ವ, ಕಡುಬಿನ್ ಜೊತೆ ಯಾರಾರ ಮಾತಾಡ್ತಾರಾ?” ಏಕಾಂತಮ್ಮ ಬಾಯಿ ತುಂಬಿಕೊಂಡೇ ಕೇಳಿದಳು.

“ಇನ್ಯಾರ್ ಜೊತೆ ಮಾತಾಡ್ಲಿ ಅಕ್ಕ?”

ಏಕಾಂತಮ್ಮ ಚಟ್ನಿ ಹಾಕಿಕೊಂಡಳು. ಆಮೇಲೆ ಯಮುನಾ “ಬಾವೋ!” ಎಂದು ಇನ್ನೊಂದನ್ನು ಎತ್ತಿಕೊಂಡಳು. ಎಲ್ಲರೂ ನಕ್ಕರು. ದೀಪ ಹಚ್ಚುವ ಹೊತ್ತಿನವರೆಗೂ ನಕ್ಕರು.

ಹೊರಡುವಾಗ ಮುರುಗೇಶಪ್ಪ ಕೈ ಮುಗಿದ. “ತಪ್ಪಾತಮ್ಮ. ಇನ್ಮೇಲೆ ನಿಮ್ ಮನೆ ಕಡೆ ತಲೆನೂ ಹಾಕಲ್ಲ. ಆಣೆ.”

ಹೇಮಾವತಿಯ ನಗು ಪಾತ್ರೆಯ ಹಬೆಯಂತೆ ಆರಿತು. “ಅಯ್ಯೋ, ಹಂಗೇನಿಲ್ಲ, ಬರ್ರಿ” ಅಂದಳು. ಅವರಿಗೆ ಅದು ದೊಡ್ಡತನದಂತೆ ಕೇಳಿಸಿತು.

ಮುರುಗೇಶಪ್ಪ ಮಾತಿಗೆ ತಪ್ಪಲಿಲ್ಲ. ಮುಂದಿನ ಭಾನುವಾರ ಹೇಮಾವತಿ “ಬಾವೋ” ಅಂದರೆ ಏಕಾಂತಮ್ಮ “ಕಡುಬು” ಎಂದು ಗೊಣಗಿ ಟೀವಿಯ ದನಿ ಏರಿಸಿದಳು. ಲೋಟ ನೀರು ಕುಡಿಯುವ ಕೆಲಸಕ್ಕೆ ಮರಳಿತು. ಮೂರು ಭಾನುವಾರ ಆ ಮನೆಯಲ್ಲಿ ಒಂದೇ ತಟ್ಟೆ ತೊಳೆದ ಸದ್ದು.

ನಾಲ್ಕನೇ ಭಾನುವಾರ ಹೇಮಾವತಿ ಚಿತ್ರದುರ್ಗದಿಂದ ಬೇರೆ ಪೊಟ್ಟಣ ತಂದಳು. ಈ ಸಲದ್ದು ಮೊಮೊ, ಟಿಬೆಟಿನವರ ಕಡುಬು. ಒಲೆ ಹಚ್ಚಿದಳು, ಬಾಗಿಲ ಚಿಲಕ ತೆಗೆದಳು, ನಾಲ್ಕು ತಟ್ಟೆ ಜೋಡಿಸಿದಳು. ಆಮೇಲೆ ಅಡುಗೆಕೋಣೆಯಿಂದ ಮನೆಯ ಈ ತುದಿಗೆ ನಡೆದುಬಂದು, ಎಂದಿನಂತೆ ಏಕಾಂತಮ್ಮನ ಗೋಡೆಗೆ ಬಾಯಿ ಹಚ್ಚಿ ಕೂಗಿದಳು:

“ಮಾಮೋ! ಒಳಕ್ ಬರ್ರಿ!”