ಕೊನೆಯ ಅರ್ಧ ನಿಮಿಷ

ಮೂವತ್ತೊಂಬತ್ತನ್ನು ಅವನು ಸುತ್ತಿಗೆಯಿಂದ ಪುಡಿ ಮಾಡಿದ್ದ. ನಲವತ್ತನೆಯದು ಈಗ ಮೇಜಿನ ಮೇಲಿತ್ತು.

‘ಉರಿಯುವ ಮೀನು’ ಎಂಬ ಇಬ್ಬರೇ ಇದ್ದ ರಾಕ್ ತಂಡ ಹೊರತಂದದ್ದು ಒಂದೇ ರೆಕಾರ್ಡು, ನಲವತ್ತೇ ಪ್ರತಿ. ಹುಚ್ಚೆದ್ದ ಗಿಟಾರು, ಗುಹೆಯಿಂದ ಬಂದಂಥ ದನಿ, ತಲೆ ಗಿರ್ರೆನ್ನಿಸುವ ಹದಿನಾಲ್ಕು ನಿಮಿಷದ ಕೊನೆಯ ಹಾಡು. ಅದನ್ನು ಹಾಡಿದ ದಿನವೇ ಹಾಡುಗಾರ ಊರು ಬಿಟ್ಟು ಓಡಿಹೋದನೆಂದು ಎಲ್ಲರೂ ನಂಬಿದ್ದರು. ತಂಡದ ಡ್ರಮ್ಮರ್ ಆಗಿದ್ದ ಇವನು ಹಳೇ ರೆಕಾರ್ಡಿನ ಅಂಗಡಿ ಇಟ್ಟ. ಎಲ್ಲಿ ಪ್ರತಿ ಸಿಕ್ಕರೂ ಕೊಂಡ. ಬೆಲೆ ಏರಲೆಂದು ಬಚ್ಚಿಡುತ್ತಾನೆ ಎಂದು ಗಿರಾಕಿಗಳು ಆಡಿಕೊಂಡರು.

“ತಗೊಳ್ಳೋ ಮುಂಚೆ ಹಾಕಿ ನೋಡಿ ಅಂಕಲ್,” ಎಂದಳು ರೆಕಾರ್ಡು ತಂದವಳು.

ಮೂಲೆಯಲ್ಲಿ ಟೋಪಿಯ ಮುದುಕನೊಬ್ಬ ಬೆನ್ನು ತಿರುಗಿಸಿ ಪೆಟ್ಟಿಗೆಗಳನ್ನು ಕೆದಕುತ್ತಿದ್ದ.

ಅಂಗಡಿಯವನು ರೆಕಾರ್ಡನ್ನು ಪ್ಲೇಯರಿಗೆ ಹಾಕಿ, ಕೊನೆಯ ಹಾಡಿನ ಮೇಲೆ ಅಲ್ಲಲ್ಲಿ ಮುಳ್ಳಿಟ್ಟು ಕೇಳಿದ. ಅರ್ಧ ನಿಮಿಷ ಉಳಿದಿರುವಾಗ ಎತ್ತಿಬಿಟ್ಟ.

“ಇನ್ನೂ ಇದೆಯಲ್ಲ?”

“ಸಾಕು. ಗೀರಿಲ್ಲ.”

“ಇಷ್ಟೊಂದು ಪ್ರತಿ ತಗೊಂಡ್ರಿ. ಒಂದ್ಸಲಾನೂ ಪೂರ್ತಿ ಕೇಳಿಲ್ವಂತೆ. ನಾನು ಕೇಳ್ಬೇಕು. ನಮ್ಮಪ್ಪನ ದನಿ ಅದು.”

ಅವಳೇ ಮುಳ್ಳಿಟ್ಟಳು.

ಸ್ಟುಡಿಯೋದ ಆ ದಿನ ಅವನ ಕಣ್ಣಿಗೆ ಕಟ್ಟಿತು. ಡ್ರಮ್ಮಿನ ಪಕ್ಕದ ಸಿಂಬಲ್ ಸ್ಟ್ಯಾಂಡಿನ ಕಬ್ಬಿಣದ ಕಾಲು. ಮೂರು ಏಟು. ಎರಡನೆಯದಕ್ಕೆ ಹಾಡುಗಾರ ಇವನ ಹೆಸರು ಕೂಗಿದ್ದ. ಗಾಜಿನಾಚೆ ಟೇಪ್ ಯಂತ್ರದ ಕೆಂಪು ದೀಪ ಆರಿರಲಿಲ್ಲ. ಆ ಗದ್ದಲದಲ್ಲಿ ಚೀರಾಟವನ್ನೂ ಜನ ಸಂಗೀತವೆಂದೇ ಕೇಳಿರಬೇಕು. ಮಗಳು ಹಾಗೆ ಕೇಳುವಳೇ?

ಮೇಜಿನಡಿಯ ಸುತ್ತಿಗೆ ಕೈಗೆ ಬಂತು. ಬೀಸಿದ. ಅವಳು ರೆಕಾರ್ಡಿಗೆ ತೋಳು ಅಡ್ಡ ಇಟ್ಟಳು. ಮಣಿಕಟ್ಟು ಲಟಕ್ಕೆಂದಿತು. ಅವಳು ತುಟಿ ಕಚ್ಚಿದಳು, ತೋಳು ತೆಗೆಯಲಿಲ್ಲ.

“ತೆಗಿ ಕೈ. ಅದನ್ನ ಕೇಳಬೇಡ. ಅವನೇ ಮೊದಲು ನನ್ನ ಕತ್ತು ಹಿಡಿದಿದ್ದು, ನಾನು ಹೊಡೆದಿದ್ದು ಆಮೇಲೆ. ಮೂರೇಟಿಗೆ ಸಾಯ್ತಾನೆ ಅಂತ ಯಾರಿಗೆ ಗೊತ್ತಿತ್ತು?”

ಡ್ರಮ್ಮಿನ ಸದ್ದು ನಡುವೆಯೇ ಕಡಿದುಹೋಯಿತು. ಮುಳ್ಳಿನಡಿ ರೆಕಾರ್ಡು ಸುತ್ತುತ್ತಲೇ ಇತ್ತು. ಬರೀ ಸರಸರ.

ಸುತ್ತಿಗೆಯನ್ನು ಮತ್ತೆ ಎತ್ತಿದ ಕೈ ಎತ್ತಿದಲ್ಲೇ ನಿಂತಿತು.

ಮುದುಕ ಬಾಗಿಲಿಗೆ ಅಡ್ಡ ನಿಂತು ಟೋಪಿ ತೆಗೆದ. ಅಂದು ಟೇಪ್ ಓಡಲು ಬಿಟ್ಟು ಸಿಗರೇಟಿಗೆಂದು ಹೊರಗೆ ಹೋಗಿದ್ದ ರೆಕಾರ್ಡಿಸ್ಟ್.

“ನಿಮ್ಮ ಹಾಡೇ ಉದ್ದ ಆಯ್ತು ಕಣಯ್ಯ,” ಎಂದ. “ಅದು ಮುಗಿಯೋ ಮುಂಚೆನೇ ಟೇಪ್ ಖಾಲಿಯಾಗಿತ್ತು.”