ಒಣಗದ ಮಸಿ

"ರಟ್ಟು ಕಿತ್ತು ಹಾಕಿ. ಎರಡರದ್ದೂ," ಎಂದರು ಕುಜೆ ಮೇಡಂ. "ಹೆಸರು ನೋಡಿ ಮರುಳಾಗೋ ವಯಸ್ಸಲ್ಲ ನಂದು."

ಸೆತ್ಸುಕೊ ಎರಡೂ ನೋಟ್‌ಬುಕ್ಕುಗಳ ರಟ್ಟು ಕಿತ್ತು ಮುಂದಿಟ್ಟಳು. ಒಂದು, ಶಾಲೆಯ ಮಕ್ಕಳು ಕೊಳ್ಳುವ ನೂರೈವತ್ತು ಯೆನ್ನಿನದು. ಇನ್ನೊಂದಕ್ಕೆ ಅದರ ಹತ್ತರಷ್ಟು ಬೆಲೆ. ಅದರ ಕಾಗದವನ್ನು ಫೌಂಟನ್ ಪೆನ್ನಿಗೆಂದೇ ಏಳೆಂಟು ವರ್ಷ ಹೆಣಗಿ, ಫುಜಿ ಊರಿನ ಈ ಕಾರ್ಖಾನೆಯಲ್ಲಿ ತಯಾರಿಸಿದವಳು ಅವಳೇ. ಟೋಕಿಯೋದ ದೊಡ್ಡ ಅಂಗಡಿಗಳಿಗೆ ಸರಕು ಆರಿಸುವವರು ಈ ಕುಜೆ. ಅವರು ಒಪ್ಪಿದರೆ ಕಾಗದ ಉಳಿಯಿತು. ಇಲ್ಲದಿದ್ದರೆ ಮಾರ್ಚ್ ತಿಂಗಳಿಗೆ ಅದರ ಯಂತ್ರಕ್ಕೆ ಬೀಗ. ಹಾಗೆಂದು ಮೇಲಧಿಕಾರಿ ನಿಶಿವಾಕಿ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ. ಹೇಳಿದ್ದಾದರೂ ಹೇಗೆ? ಲಿಫ್ಟಿನಲ್ಲಿ, ಸಂಜೆಗೆ ಮಳೆ ಬರಬಹುದು ಅನ್ನುವ ಹಾಗೆ!

ಕುಜೆ ತಮ್ಮದೇ ಪೆನ್ನು ತೆಗೆದರು. ಹಳೆಯದು, ದಪ್ಪ ನಿಬ್ಬಿನದು, ಮಸಿಯನ್ನು ಧಾರಾಳವಾಗಿ ಸುರಿಯುವಂಥದ್ದು. ಅಗ್ಗದ ಹಾಳೆಯ ಮೇಲೆ ಒಂದು ಸಾಲು ಬರೆದರು. ಅಕ್ಷರಗಳ ಅಂಚಿನಿಂದ ಮಸಿ ಸಣ್ಣಗೆ ಬೇರು ಬಿಟ್ಟಿತು. ಮಗುಚಿ ನೋಡಿದರೆ ಹಿಂದುಗಡೆಯೂ ಚುಕ್ಕೆ ಚುಕ್ಕೆ. ಸೆತ್ಸುಕೊಗೆ ಹೋದ ಉಸಿರು ಬಂದಂತಾಯಿತು. ಆಮೇಲೆ ಅವಳ ಕಾಗದದ ಸರದಿ. ಅಬ್ಬಾ, ಆ ನೀಲಿಯೇ! ಗೆರೆ ಶುರುವಾದಲ್ಲಿ ತಿಳಿ, ನಿಂತಲ್ಲಿ ಗಾಢ. ಅಂಚು ಕೂದಲೆಳೆಯಷ್ಟೂ ಹರಡಲಿಲ್ಲ. ಹಿಂದುಗಡೆ ಒಂದು ಕಲೆಯೂ ಇರಲಿಲ್ಲ.

"ಚೆನ್ನಾಗಿದೆ," ಎಂದರು ಕುಜೆ. "ನಿಬ್ಬು ತಾಗ್ತಾ ಇದೆಯೋ ಇಲ್ವೋ ಅನ್ನೋ ಹಾಗೆ ಓಡುತ್ತೆ."

"ಎಲ್ಲಾ ನಮ್ಮ ಸೆತ್ಸುಕೊ ಅವರ ಕೈಗುಣ, ಮೇಡಂ!" ಎಂದು ಹಲ್ಲು ಕಿರಿದ ನಿಶಿವಾಕಿ.

ಕುಜೆ ಪೆನ್ನನ್ನು ಎಡಗೈಗೆ ದಾಟಿಸಿದರು. ಎಡದಿಂದ ಬಲಕ್ಕೆ ಬರೆಯುತ್ತ ಹೋದಂತೆಲ್ಲ ಅವರ ಅಂಗೈ ಈಗಷ್ಟೇ ಬರೆದ ಅಕ್ಷರಗಳ ಮೇಲೆಯೇ ಉಜ್ಜಿಕೊಂಡು ಸಾಗಿತು. ಸಾಲು ಮುಗಿಯುವಷ್ಟರಲ್ಲಿ ಹಾಳೆಯೆಲ್ಲ ರಾಡಿ. ಅಗ್ಗದ ಹಾಳೆಯ ಮೇಲೂ ಹಾಗೇ ಬರೆದರು. ಅದು ಮಸಿಯನ್ನು ಆಗಿಂದಾಗಲೇ ಕುಡಿದುಬಿಟ್ಟಿತ್ತು. ಕೈಗೆ ಏನೂ ಅಂಟಲಿಲ್ಲ.

"ಇಂಕು ನಿಧಾನವಾಗಿ ಒಣಗೋದೇ ಈ ಕಾಗದದ ಚೆಂದ, ಮೇಡಂ," ಎಂದು ನಿಶಿವಾಕಿ ನಡುವೆ ಬಾಯಿ ಹಾಕಿದ. "ಎಡಗೈಯವರು ಎಷ್ಟು ಜನ ಇರ್ತಾರೆ, ಬಿಡಿ!"

"ನಮ್ಮ ಕ್ಲಾಸಲ್ಲಿ ಒಬ್ಬರೂ ಇರಲಿಲ್ಲ. ಮೇಷ್ಟ್ರು ಅಡಿಕೋಲಲ್ಲಿ ಗೆಣ್ಣಿಗೆ ಬಾರಿಸಿ ಬಾರಿಸಿ ಎಲ್ಲರನ್ನೂ ಬಲಗೈ ಮಾಡಿಬಿಟ್ರು. ಈಗ ಯಾರೂ ಬಾರಿಸಲ್ಲ. ಈಗಿನ ಮಕ್ಕಳು ದೊಡ್ಡವರಾಗಿ ನಮ್ಮ ಅಂಗಡಿಗೇ ಬರ್ತಾರೆ." ಕುಜೆ ಹಾಳೆಯ ಮೇಲೆ ಬೆರಳಿಟ್ಟರು. "ಇದನ್ನ ಎಡಗೈಲಿ ಬರೆಸಿ ನೋಡಿದ್ದೀರಾ?"

"ಅಯ್ಯೋ, ನೋಡಿದ್ದೀವಿ! ಎಷ್ಟೋ ಜನರ ಕೈಲಿ ಬರೆಸಿದ್ದೀವಿ!"

"ನಿಮ್ಮನ್ನ ಕೇಳಲಿಲ್ಲ ನಾನು. ಕಾಗದ ಮಾಡಿದೋರು ಹೇಳಲಿ."

ನಿಶಿವಾಕಿ ಕಣ್ಣು ಕೀಲಿಸಿ ಸೆತ್ಸುಕೊಳನ್ನೇ ನೋಡಿದ. ಒಂದು 'ಹೂಂ' ಸಾಕಿತ್ತು. ಯಂತ್ರ ಉಳಿಯುತ್ತಿತ್ತು, ಕಾಗದ ಉಳಿಯುತ್ತಿತ್ತು. ಹೊರಗಿನವರ ಮುಂದೆ ಮೇಲಧಿಕಾರಿಯ ಮಾತು ಸುಳ್ಳೆಂದವರು ಆ ಆಫೀಸಿನಲ್ಲಿ ಯಾರೂ ಇರಲಿಲ್ಲ.

"ಇಲ್ಲ," ಎಂದಳು. "ಒಂದು ಸಲವೂ ಇಲ್ಲ. ನಂಗದು ಹೊಳೀಲೇ ಇಲ್ಲ. ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ ಮೇಡಂ, ಹುಟ್ಟಿದಾಗ ನಾನೂ ಎಡಚಿಯೇ. ಎಡಗೈಲಿ ಊಟದ ಕಡ್ಡಿ ಹಿಡಿದ್ರೆ ಯಾರೇ ನಿನ್ನ ಸೊಸೆ ಮಾಡ್ಕೊಳ್ತಾರೆ ಅಂತ ನಮ್ಮಮ್ಮ ಕೈಯನ್ನ ಸೊಂಟಪಟ್ಟಿಗೆ ಕಟ್ಟಿಹಾಕ್ತಿದ್ಲು."

ಕುಜೆ ಪೆನ್ನಿನ ಟೋಪಿ ತಿರುಗಿಸಿ ಮುಚ್ಚಿದರು. "ನಿಜ ಹೇಳಿದ್ರಲ್ಲ, ಸಂತೋಷ. ಆದ್ರೆ ಆರ್ಡರ್ ಕೊಡೋಕಾಗಲ್ಲ. ನನ್ನ ರೈಲಿಗೂ ಹೊತ್ತಾಯ್ತು."

ಕೋಟಿನತ್ತ ನಡೆದ ಅವರ ಬೆನ್ನಿಗೆ ನಿಶಿವಾಕಿ ಸೊಂಟ ಮುರಿಯುವಷ್ಟು ಬಗ್ಗಿ ವಂದಿಸಿದ. ಬಗ್ಗಿಕೊಂಡೇ, "ಹೂಂ ಅಂದಿದ್ರೆ ನಿಮ್ಮ ಗಂಟು ಏನು ಹೋಗ್ತಿತ್ತು?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

ಸೆತ್ಸುಕೊಗೆ ಅದು ಕೇಳಿಸಲಿಲ್ಲ. ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂದಿತ್ತು. ಅಮ್ಮನ ಮೇಲೆ, ನಿಶಿವಾಕಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ. ಮೇಜಿನ ಮೇಲಿದ್ದ ಪರೀಕ್ಷೆಯ ಪೆನ್ನನ್ನು ಎತ್ತಿ ಎಡಗೈಯಲ್ಲಿ ಹಿಡಿದಳು. ಹಿಡಿತ ಸಿಗಲೊಲ್ಲದು. ತನ್ನ ಕಾಗದದ ಮೇಲೆ ತನ್ನ ಹೆಸರು ಬರೆದಳು. ಅಕ್ಷರಗಳು ಗೆರೆ ದಾಟಿ, ಒಂದು ದಪ್ಪ, ಒಂದು ಸೊಟ್ಟ, ಒಂದರ ಮೇಲೊಂದು ಬಿದ್ದವು. ಕೈ ಹೊರಳಿಸಿ, ಅಂಚಿಗೆ ಎಲ್ಲೆಲ್ಲಿ ಮಸಿ ಹತ್ತಿದೆ ಎಂದು ಬೆಳಕಿಗೆ ಹಿಡಿದು ನೋಡತೊಡಗಿದಳು.

ಒಂದು ತೋಳಿಗೆ ಕೋಟು ಹಾಕಿಕೊಂಡಿದ್ದ ಕುಜೆ ಹಿಂದಿರುಗಿ ಬಂದು ಹಾಳೆಯನ್ನು ಇಣುಕಿದರು.

"ಇದ್ಯಾವ ಮಗು ಬರೆದಿದ್ದು?"

"ನಾನೇ. ಕಟ್ಟಿಹಾಕಿದಾಗ ಆರು ವರ್ಷ. ಈ ಕೈ ಅಲ್ಲಿಗೇ ನಿಂತುಬಿಟ್ಟಿದೆ."

ನಿಶಿವಾಕಿ ಅವಮಾನದಿಂದ ಹಾಳೆ ಹರಿಯಲು ಕೈ ಚಾಚಿದ. ಕುಜೆ ಅದರ ಮೇಲೆ ತಮ್ಮ ಅಂಗೈ ಒತ್ತಿಟ್ಟರು. "ರೈಲು ಹೋದ್ರೆ ಹೋಗಲಿ. ಹೋಗಿ ಬಿಸಿ ಟೀ ತರಿಸಿ," ಎಂದರು. ಕೋಟು ಕಳಚಿ ಕುರ್ಚಿಗೆ ಹಾಕಿ, ಸೆತ್ಸುಕೊಳ ಪಕ್ಕದಲ್ಲೇ ಕುಳಿತರು.

"ಬರಿ ಮಗೂ, ಇನ್ನೊಂದು ಸಾಲು."